ಕಾರು ರಿಪೇರಿಗೆ ಕೊಟ್ಟ ಹಣವನ್ನು ಕ್ಲಾಸ್ ಆ್ಯಕ್ಷನ್ ರಾಜಿಯಲ್ಲಿ ವಾಪಸ್ ಪಡೆಯುವುದು ಹೇಗೆ

ಒಂದೇ ದೋಷದಿಂದ ಸಾವಿರಾರು ಕಾರು ಮಾಲೀಕರು ಕೈಸುಟ್ಟುಕೊಂಡಾಗ, ಅಮೆರಿಕದಲ್ಲಿ ಕೆಲವರು ಎಲ್ಲರ ಪರವಾಗಿ ಕಂಪನಿಯ ಮೇಲೆ ದಾವೆ ಹೂಡುತ್ತಾರೆ. ಇದೇ ಕ್ಲಾಸ್ ಆ್ಯಕ್ಷನ್. ಇಂಥ ಎಷ್ಟೋ ದಾವೆಗಳು ತೀರ್ಪಿನ ತನಕ ಹೋಗದೆ ರಾಜಿಯಲ್ಲಿ ಮುಗಿಯುತ್ತವೆ. ಹಿಂದೆ ಕೈಯಿಂದ ಕೊಟ್ಟ ರಿಪೇರಿ ಹಣವನ್ನು ವಾಪಸ್ ಕೇಳುವ ಅವಕಾಶ ಆ ರಾಜಿಯಲ್ಲೇ ಇರುತ್ತದೆ. ಆದರೆ ಹಣ ತಾನಾಗಿ ಬರುವುದಿಲ್ಲ, ಕ್ಲೇಮ್ ಹಾಕಬೇಕು. ಅಲ್ಲಿ ಎಡವುವುದು ಕಾಗದದಲ್ಲೇ: ದೋಷ ನಿಜ, ಖರ್ಚೂ ನಿಜ, ಬಿಲ್ಲಿನಲ್ಲಿ ಮಾತ್ರ ಅದನ್ನು ಬರೆದಿರುವುದಿಲ್ಲ.

2013ರಿಂದ 2016ರ ಮಾಡೆಲ್‌ನ ನಿಸಾನ್ ಆಲ್ಟಿಮಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸಿವಿಟಿ ಗೇರ್‌ಬಾಕ್ಸಿನಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಕಾರು ಗಡಗಡ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೂ ತಡವಾಗಿ ಎಳೆಯುತ್ತದೆ ಎಂಬುದು ಮಾಲೀಕರ ದೂರು. 2020ರಲ್ಲಿ ಟೆನೆಸ್ಸಿಯ ಫೆಡರಲ್ ಕೋರ್ಟು ಅಂತಿಮ ಒಪ್ಪಿಗೆ ಕೊಟ್ಟ ರಾಜಿಯಲ್ಲಿ ಗೇರ್‌ಬಾಕ್ಸಿನ ವಾರಂಟಿ 60 ತಿಂಗಳು ಅಥವಾ 60,000 ಮೈಲಿಯಿಂದ 84 ತಿಂಗಳು ಅಥವಾ 84,000 ಮೈಲಿಗೆ ಏರಿತು. ಆ ಹೆಚ್ಚುವರಿ ಅವಧಿಯಲ್ಲಿ ಡೀಲರ್ ಬಳಿ ರಿಪೇರಿ ಮಾಡಿಸಿದ್ದವರಿಗೆ ಬಿಡಿಭಾಗ, ಕೂಲಿ ಎರಡೂ ಪೂರ್ತಿ. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ್ದವರಿಗೆ 5,000 ಡಾಲರ್‌ವರೆಗೆ. ಆ ಕಾರುಗಳ ಅವಧಿ ಈಗ ಮುಗಿದಿದೆ, ಆದರೆ ಬೇರೆ ರಾಜಿಗಳನ್ನು ಓದುವಾಗಲೂ ಹುಡುಕಬೇಕಾದದ್ದು ಇದೇ ನಾಲ್ಕು ಸಂಗತಿ: ಯಾವ ಮಾಡೆಲ್, ಯಾವ ಭಾಗ, ಎಷ್ಟು ತಿಂಗಳು-ಮೈಲಿಯೊಳಗೆ, ಎಲ್ಲಿ ರಿಪೇರಿ ಮಾಡಿಸಿದರೆ ಎಷ್ಟು.

ತಿಂಗಳ ಲೆಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವರು ತಪ್ಪುತ್ತಾರೆ. 84 ತಿಂಗಳು ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಕಾರು ಮೊದಲ ಬಾರಿಗೆ ಷೋರೂಮಿನಿಂದ ರಸ್ತೆಗಿಳಿದ ದಿನದಿಂದ. ಕಾರಿನ ಗುರುತಿನ ಸಂಖ್ಯೆಯಾದ ವಿಐಎನ್ ಕೊಟ್ಟರೆ ಡೀಲರ್‌ನ ಸರ್ವೀಸ್ ವಿಭಾಗದವರು ಆ ತಾರೀಖು ಹೇಳುತ್ತಾರೆ.

ವಿಐಎನ್ ಎಂದರೆ ಕಾರಿನ 17 ಅಕ್ಷರ-ಅಂಕಿಗಳ ಗುರುತು. ಡ್ರೈವರ್ ಬದಿಯ ಮುಂಗಾಜಿನ ಕೆಳಮೂಲೆಯಲ್ಲಿ ಕಾಣುತ್ತದೆ. ಇದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ. ಹತ್ತನೆಯದು ಮಾಡೆಲ್ ವರ್ಷ: ಡಿ ಎಂದರೆ 2013, ಜಿ ಎಂದರೆ 2016. 2016ರ ಮಾಡೆಲ್ ಅನ್ನು 2015ರಲ್ಲೇ ಕೊಂಡಿರಬಹುದು, ಆದ್ದರಿಂದ ಕೊಂಡ ವರ್ಷ ನೋಡಿ ‘ನಮ್ಮದು ಬರುವುದಿಲ್ಲ’ ಎಂದು ಬಿಡಬೇಡಿ. ರಾಜಿಯ ಅಧಿಕೃತ ವೆಬ್‌ಸೈಟಿನಲ್ಲಿ ವಿಐಎನ್ ಹಾಕಿ ನೋಡುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ.

ಅದಕ್ಕೂ ಮೊದಲು ಫೆಡರಲ್ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ಅದೇ ವಿಐಎನ್ ಹಾಕಿ, ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಯುವುದು) ಇದೆಯೇ ನೋಡಿ. ರೀಕಾಲ್‌ಗೆ ಮುಂಚೆ ನೀವೇ ದುಡ್ಡು ಕೊಟ್ಟು ಅದೇ ದೋಷ ಸರಿಪಡಿಸಿದ್ದರೆ, ಷರತ್ತುಗಳಿಗೆ ಒಳಪಟ್ಟು ಆ ಹಣ ಹಿಂತಿರುಗಿಸುವ ಯೋಜನೆಯನ್ನು ಕಂಪನಿ ಇಟ್ಟುಕೊಳ್ಳಬೇಕೆಂದು ಫೆಡರಲ್ ನಿಯಮವೇ ಹೇಳುತ್ತದೆ. ಇದಕ್ಕೆ ಕೋರ್ಟು ಬೇಡ, ವಕೀಲರೂ ಬೇಡ. ಅರ್ಜಿ ತಲುಪಿದ 60 ದಿನಗಳೊಳಗೆ ಕಂಪನಿ ಉತ್ತರಿಸಬೇಕು. ಆದರೆ ಮಾಲೀಕರಿಗೆ ಕೊನೆಯ ರೀಕಾಲ್ ಪತ್ರ ಹೋದ 10 ದಿನಗಳ ಬಳಿಕ ಈ ಅವಕಾಶ ಮುಚ್ಚಲು ನಿಯಮ ಬಿಡುತ್ತದೆ, ಆದ್ದರಿಂದ ಪತ್ರ ಬಂದ ವಾರವೇ ಕೆಲಸ ಮುಗಿಸಿ.

ಪತ್ರ ಯಾಕೆ ಬರಲಿಲ್ಲ?

ರಾಜಿಯ ನೋಟಿಸು ಹೋಗುವುದು ವಾಹನ ನೋಂದಣಿ ದಾಖಲೆಯಲ್ಲಿರುವ ವಿಳಾಸಕ್ಕೆ. ವರ್ಷಕ್ಕೊಂದು ಅಪಾರ್ಟ್‌ಮೆಂಟ್ ಬದಲಿಸುವ ನಮ್ಮ ವಿದ್ಯಾರ್ಥಿಗಳು, ಎಚ್1ಬಿ ವೀಸಾದವರು ವಲಸೆ ಇಲಾಖೆಗೆ ಹೊಸ ವಿಳಾಸ ತಪ್ಪದೆ ತಿಳಿಸುತ್ತಾರೆ. ಅದು ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ ತಲುಪುವುದಿಲ್ಲ. ಅಲ್ಲಿ ಬೇರೆಯಾಗಿ ವಿಳಾಸ ಬದಲಿಸಬೇಕು. ಅಂದಹಾಗೆ, ಈ ರಾಜಿಗಳು ನೋಡುವುದು ಅಮೆರಿಕದಲ್ಲಿ ಕಾರು ಕೊಂಡಿರಾ ಅಥವಾ ಲೀಸ್ ಪಡೆದಿರಾ ಎಂಬುದನ್ನು, ವೀಸಾವನ್ನಲ್ಲ. ಕಾರು ಮಾರಿ ಊರಿಗೆ ಮರಳಿದವರೂ ತಾವು ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಕ್ಲೇಮ್ ಹಾಕಬಹುದು. ಹಿಂದಿನ ಮಾಲೀಕ ಮಾಡಿಸಿದ ರಿಪೇರಿ ನಿಮ್ಮ ಖರ್ಚಲ್ಲ. ಅದನ್ನು ಕೇಳಬೇಕಾದವರು ಹಣ ಕೊಟ್ಟವರೇ. ಭಾರತದಲ್ಲಿ ಕೊಂಡ ಕಾರಿಗೆ ಅಮೆರಿಕದ ರಾಜಿ ಅನ್ವಯಿಸುವುದಿಲ್ಲ.

ನೋಟಿಸಿನಲ್ಲಿ ಮೂರು ಬೇರೆ ಬೇರೆ ಗಡುವುಗಳಿರುತ್ತವೆ: ಕ್ಲೇಮ್ ಹಾಕಲು, ಸ್ವಂತ ದಾವೆಯ ಹಕ್ಕು ಉಳಿಸಿಕೊಂಡು ರಾಜಿಯಿಂದ ಹೊರಗುಳಿಯಲು, ರಾಜಿಗೆ ಆಕ್ಷೇಪ ಸಲ್ಲಿಸಲು. ಏನೂ ಮಾಡದೆ ಕುಳಿತರೆ ಹಣವೂ ಇಲ್ಲ, ಆ ದೋಷಕ್ಕಾಗಿ ಮುಂದೆ ಕಂಪನಿಯ ಮೇಲೆ ದಾವೆ ಹೂಡುವ ಹಕ್ಕೂ ಹೋಗುತ್ತದೆ. ನಿಮ್ಮ ನಷ್ಟ ರಾಜಿಯ ಮಿತಿಗಿಂತ ಬಹಳ ದೊಡ್ಡದಾಗಿದ್ದರೆ ಹೊರಗುಳಿಯುವ ಯೋಚನೆ ಮಾಡಬಹುದು; ಸಣ್ಣ ಮೊತ್ತದ ದಾವೆಗಳನ್ನು ನಡೆಸುವ ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಹೊರಗುಳಿಯುವ ಮುನ್ನ ವಕೀಲರೊಬ್ಬರ ಜತೆ ಮಾತಾಡುವುದು ಒಳ್ಳೆಯದು, ಏಕೆಂದರೆ ಮತ್ತೆ ಒಳಬರುವುದು ಕಷ್ಟ.

ಕಾಗದಪತ್ರ

ಬೇಕಾದದ್ದು ಸಾಮಾನ್ಯವಾಗಿ ಮೂರು: ರಿಪೇರಿ ಬಿಲ್, ಹಣ ಪಾವತಿಸಿದ ಪುರಾವೆ, ಆಗ ಕಾರು ನಿಮ್ಮದಾಗಿತ್ತು ಎಂಬುದಕ್ಕೆ ಟೈಟಲ್ (ಮಾಲೀಕತ್ವದ ಪತ್ರ) ಅಥವಾ ನೋಂದಣಿ ಪತ್ರ.

ಬಿಲ್ಲಿನಲ್ಲಿ ನಿಮ್ಮ ಹೆಸರು, ವಿಐಎನ್, ತಾರೀಖು, ಕಾರು ಒಳಬಂದಾಗಿನ ಮೈಲಿ, ಗ್ಯಾರೇಜಿನ ಹೆಸರು-ವಿಳಾಸ, ಬಿಡಿಭಾಗ ಒಂದು ಸಾಲು, ಕೂಲಿ ಇನ್ನೊಂದು ಸಾಲು ಇರಬೇಕು. ಇವೆಲ್ಲಕ್ಕಿಂತ ಮುಖ್ಯ ಮೆಕ್ಯಾನಿಕ್ ಬರೆದ ವಿವರಣೆ. ಅಮೆರಿಕದ ವರ್ಕ್‌ಷಾಪುಗಳಲ್ಲಿ ಇದಕ್ಕೆ ಮೂರು ಭಾಗ: ಗ್ರಾಹಕರ ದೂರು, ಪತ್ತೆಯಾದ ಕಾರಣ, ಮಾಡಿದ ಕೆಲಸ. ‘ಟ್ರಾನ್ಸ್‌ಮಿಷನ್ ಸರ್ವೀಸ್, 3,800 ಡಾಲರ್’ ಎಂದಷ್ಟೇ ಇದ್ದರೆ ಅದು ಎಣ್ಣೆ ಬದಲಿಸಿದ್ದೋ ದೋಷ ಸರಿಪಡಿಸಿದ್ದೋ ಪರಿಶೀಲಿಸುವವರಿಗೆ ಗೊತ್ತಾಗದು. ‘ಕಾರು ನಡುಗುತ್ತದೆಂದು ದೂರು, ಸ್ಕ್ಯಾನರ್‌ನಲ್ಲಿ ಪಿ17ಎಫ್0 ಕೋಡ್, ಸಿವಿಟಿ ಅಸೆಂಬ್ಲಿ ಬದಲಾಯಿಸಲಾಗಿದೆ’ ಎಂದಿದ್ದರೆ ಅನುಮಾನಕ್ಕೆ ಎಡೆ ಇಲ್ಲ. ಆದ್ದರಿಂದ ರಿಪೇರಿಯ ದಿನವೇ, ಕೀ ವಾಪಸ್ ತೆಗೆದುಕೊಳ್ಳುವ ಮುನ್ನ, ಬಿಲ್ ಓದಿ. ಕೊರತೆ ಕಂಡರೆ ಅಲ್ಲೇ ಬರೆಸಿ. ಎಸ್ಟಿಮೇಟ್ ಎಂಬುದು ಬಿಲ್ ಅಲ್ಲ.

ಬಿಲ್ ಕಳೆದಿದ್ದರೆ ಗ್ಯಾರೇಜಿಗೆ ಫೋನ್ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜುಗಳು ದಾಖಲೆಗಳನ್ನು ಕನಿಷ್ಠ ಮೂರು ವರ್ಷ ಇಡಬೇಕು. ಡೀಲರ್ ಬಳಿ ಮಾಡಿಸಿದ್ದರೆ ವಿಐಎನ್ ಹೇಳಿ ಹಳೆಯ ಬಿಲ್ ಮತ್ತೆ ಮುದ್ರಿಸಿಕೊಡುವಂತೆ ಕೇಳಿ.

ಪಾವತಿಗೆ ಕಾರ್ಡ್ ಸ್ಟೇಟ್‌ಮೆಂಟ್ ಅತ್ಯುತ್ತಮ. ಸಂಬಂಧಪಡದ ಸಾಲುಗಳನ್ನು ಕಪ್ಪು ಮಾಡಿ ಕಳಿಸಿ. ನಗದು ಕೊಟ್ಟಿದ್ದರೆ ಬಿಲ್ಲಿನ ಮೇಲೆ ‘ಪೇಯ್ಡ್’ ಮತ್ತು ಬಾಕಿ ಸೊನ್ನೆ ಎಂದು ಬರೆಸಿರಬೇಕು. ಸ್ನೇಹಿತರ ಕಾರ್ಡಿನಲ್ಲಿ ಕೊಟ್ಟು ಆಮೇಲೆ ಲೆಕ್ಕ ತೀರಿಸುವುದು ನಮ್ಮಲ್ಲಿ ಸಾಮಾನ್ಯ; ಕ್ಲೇಮಿನಲ್ಲಿ ಹೆಸರು ಹೊಂದದೆ ತೊಡಕಾಗುವುದೂ ಅಲ್ಲೇ. ಅವರಿಗೆ ಹಣ ಕಳಿಸಿದ ದಾಖಲೆಯನ್ನೂ ಜತೆಗಿಡಿ.

ಎಂಜಿನ್ ಕ್ಲೇಮುಗಳಲ್ಲಿ ಇನ್ನೊಂದು ಮಾತು. ಹ್ಯುಂಡೈ ಮತ್ತು ಕಿಯಾದ ಥೀಟಾ-2 ಎಂಜಿನ್‌ಗಳ ರಾಜಿಗೆ 2021ರಲ್ಲಿ ಅಂತಿಮ ಒಪ್ಪಿಗೆ ಸಿಕ್ಕಿತು. ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದು ಎಂಜಿನ್ ಜಾಮ್ ಆಗುವುದು ಅಲ್ಲಿನ ದೋಷ. ಮಾಲೀಕರ ತೀವ್ರ ನಿರ್ಲಕ್ಷ್ಯ ಕಂಡರೆ ಪರಿಹಾರ ನಿರಾಕರಿಸುವ ಷರತ್ತು ಅದರಲ್ಲಿತ್ತು. ಆದ್ದರಿಂದ ಆಯಿಲ್ ಬದಲಿಸಿದ ಪ್ರತಿಯೊಂದು ರಸೀದಿಯನ್ನೂ, ಮನೆಯಲ್ಲೇ ಬದಲಿಸಿದ್ದರೆ ಆಯಿಲ್ ಮತ್ತು ಫಿಲ್ಟರ್ ಕೊಂಡ ರಸೀದಿಯನ್ನೂ ಮೈಲಿ ಬರೆದು ಇಟ್ಟುಕೊಳ್ಳಿ.

ಮೊತ್ತ ತುಂಬುವಾಗ ನಿಮ್ಮ ಜೇಬಿನಿಂದ ಹೋದದ್ದನ್ನು ಮಾತ್ರ ಬರೆಯಿರಿ. ವಿಮೆ, ಎಕ್ಸ್‌ಟೆಂಡೆಡ್ ವಾರಂಟಿ, ಕಂಪನಿ ಕೊಟ್ಟ ರಿಯಾಯಿತಿ ಕಳೆಯಬೇಕು. ಅದೇ ಭೇಟಿಯಲ್ಲಿ ಮಾಡಿಸಿದ ಬ್ರೇಕ್, ಟೈರ್ ಖರ್ಚನ್ನು ಬಿಟ್ಟು, ಸಂಬಂಧಪಟ್ಟ ಸಾಲುಗಳಿಗೆ ಗುರುತು ಹಾಕಿ. ಟೋಯಿಂಗ್, ಬಾಡಿಗೆ ಕಾರಿಗೂ ಕೊಡುತ್ತಾರೆಯೇ ಎಂದು ನೋಟಿಸಿನಲ್ಲಿ ನೋಡಿ. ಕೇಳದೆ ಬಿಟ್ಟರೆ ಅದು ಹೋದಂತೆಯೇ. ಫಾರಂನ ಕೆಳಗಿನ ಸಹಿ ಸಾಮಾನ್ಯವಾಗಿ ಸುಳ್ಳುಸಾಕ್ಷ್ಯದ ಶಿಕ್ಷೆಗೆ ಒಳಪಟ್ಟದ್ದು, ಅಂದಾಜಿನ ಅಂಕಿ ಬೇಡ. ಕ್ಲೇಮ್ ಹಾಕಲು ಶುಲ್ಕವಿಲ್ಲ. ಯಾರಾದರೂ ಮುಂಗಡ ಹಣ ಕೇಳಿದರೆ ಅದು ಮೋಸ.

ಆನ್‌ಲೈನಿನಲ್ಲಿ ಸಲ್ಲಿಸಿ ಕ್ಲೇಮ್ ನಂಬರ್ ಇರುವ ಪುಟವನ್ನು ಉಳಿಸಿಕೊಳ್ಳಿ. ಅಂಚೆಯಾದರೆ ಸರ್ಟಿಫೈಡ್ ಮೇಲ್, ಮೂಲಪ್ರತಿ ಬೇಡ, ನಕಲು ಸಾಕು. ಗಡುವು ಅಂಚೆ ಮುದ್ರೆಯ ದಿನವೋ ತಲುಪುವ ದಿನವೋ ಎಂದು ಓದಿ ನೋಡಿ.

ಬಳಿಕ ಕಾಯಬೇಕು. ಕೋರ್ಟಿನ ಅಂತಿಮ ಒಪ್ಪಿಗೆಯ ನಂತರ ಮೇಲ್ಮನವಿಗೆ 30 ದಿನ. ಯಾರಾದರೂ ಮೇಲ್ಮನವಿ ಹಾಕಿದರೆ ಹಣ ತಿಂಗಳುಗಟ್ಟಲೆ ನಿಲ್ಲಬಹುದು. ಈ ನಡುವೆ ‘ಕೊರತೆ ಪತ್ರ’ ಬಂದರೆ ಅದು ತಿರಸ್ಕಾರವಲ್ಲ. ಕೇಳಿದ ಕಾಗದವನ್ನು ಅದರಲ್ಲಿ ಹೇಳಿದ ದಿನದೊಳಗೆ ಕಳಿಸಿದರೆ ಕ್ಲೇಮ್ ಜೀವಂತ. ಇಂಥ ಇಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ, ವಾರಕ್ಕೊಮ್ಮೆ ಅಲ್ಲಿ ನೋಡಿ. ತಿರಸ್ಕರಿಸಿಯೇ ಬಿಟ್ಟರೆ ಮರುಪರಿಶೀಲನೆಯ ದಾರಿ ರಾಜಿ ಪತ್ರದಲ್ಲೇ ಇರುತ್ತದೆ.

ಚೆಕ್ಕಿಗೆ ಅವಧಿ ಇರುತ್ತದೆ, ಅದು ಚೆಕ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಭಾರತಕ್ಕೆ ಮರಳುವವರು ಹಣ ಬರುವವರೆಗೆ ಅಮೆರಿಕದ ಬ್ಯಾಂಕ್ ಖಾತೆಯೊಂದನ್ನು ಉಳಿಸಿಕೊಂಡು, ಫಾರಂನಲ್ಲಿ ಆಯ್ಕೆ ಇದ್ದರೆ ಎಲೆಕ್ಟ್ರಾನಿಕ್ ಪಾವತಿಯನ್ನೇ ಗುರುತಿಸಿ.