20×30 ಮನೆಯ ಮಹಡಿಯಲ್ಲಿ ಇನ್ನೊಂದು ರೂಮ್ ಮಾಡಿಕೊಳ್ಳೋದು ಹೇಗೆ

ಬೆಂಗಳೂರಿನಲ್ಲಿ 20×30 ಸೈಟಿನ ಡ್ಯೂಪ್ಲೆಕ್ಸ್ ಮನೆ ಅಂದರೆ ಹೆಚ್ಚಾಗಿ ಕೆಳಗೆ ಹಾಲ್, ಅಡುಗೆಮನೆ, ಒಂದು ಚಿಕ್ಕ ರೂಮ್. ಮೇಲೆ ಒಂದು ಬೆಡ್‌ರೂಮ್, ಟಿವಿ ನೋಡೋಕೆ ಅಂತ ಬಿಟ್ಟ ಇನ್ನೊಂದು ಹಾಲ್, ರಸ್ತೆ ಕಡೆ ಬಾಲ್ಕನಿ. ನಮ್ಮದೂ ಹಾಗೇ. ಅಮ್ಮ ಊರಿಂದ ಬಂದು ನಮ್ಮ ಜೊತೆ ಇರೋಕೆ ಶುರು ಮಾಡಿದಾಗ, ಮಂಡಿನೋವು ಇರೋರಿಗೆ ಮೆಟ್ಟಿಲು ಬೇಡ ಅಂತ ಕೆಳಗಿನ ರೂಮ್ ಅವರಿಗೆ ಕೊಟ್ಟೆವು, ಅಲ್ಲಿದ್ದ ಮಗಳು ಮೇಲಿನ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಳ್ಳೋ ಹಾಗಾಯಿತು. ಎಸ್‌ಎಸ್‌ಎಲ್‌ಸಿ ಓದೋ ಹುಡುಗಿಗೆ ಬಾಗಿಲು ಹಾಕಿಕೊಂಡು ಕೂರೋಕೆ ಒಂದು ಜಾಗ ಬೇಕು ಅಲ್ವಾ? ಅದಕ್ಕೆ ಆ ಹಾಲ್‌ನಲ್ಲೇ ಒಂದು ರೂಮ್ ತೆಗೆದೆವು.

ಮೊದಲೇ ಒಂದು ಮಾತು. ಎಲ್ಲರೂ "ಗೋಡೆ ಎಲ್ಲಿ ಎಬ್ಬಿಸೋದು" ಅಂತ ಶುರು ಮಾಡುತ್ತಾರೆ. ಗೋಡೆ ಕೊನೆಗೆ ಬರಲಿ. ಓಡಾಡೋ ದಾರಿ, ಬಾಗಿಲು, ಕಿಟಕಿ, ಟಾಯ್ಲೆಟ್ ಈ ನಾಲ್ಕು ಎಲ್ಲಿ ಅಂತ ತೀರ್ಮಾನ ಆದರೆ ಗೋಡೆಗೆ ಉಳಿಯೋದು ಒಂದೇ ಜಾಗ.

ನಮ್ಮ ಮೇಲಿನ ಹಾಲ್ 10 ಅಡಿ ಅಗಲ, ಹದಿನಾಲ್ಕೂವರೆ ಅಡಿ ಉದ್ದ. ರಸ್ತೆ ಕಡೆ ಬಾಲ್ಕನಿ ಬಾಗಿಲು, ಪಕ್ಕದಲ್ಲಿ 4×4 ಕಿಟಕಿ. ಹಿಂದಿನ ತುದಿಯಲ್ಲಿ ಹಳೇ ಬೆಡ್‌ರೂಮಿನ ಬಾಗಿಲು. ಮೆಟ್ಟಿಲು ಬಂದು ಸೇರೋದೂ ಆ ಹಿಂದಿನ ತುದಿಗೇ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ವಾಸದ ರೂಮು 9.5 ಚದರ ಮೀಟರ್ ಇರಬೇಕು, ಅಂದರೆ ಸುಮಾರು 102 ಚದರಡಿ. ಎರಡು ರೂಮ್ ಇದ್ದರೆ ಎರಡನೆಯದು 7.5 ಚದರ ಮೀಟರ್, ಅಂದರೆ ಸುಮಾರು 81 ಚದರಡಿ ಆದರೂ ನಡೆಯುತ್ತದೆ, ಅಗಲ ಮಾತ್ರ 7 ಅಡಿಗೆ ಕಮ್ಮಿ ಆಗಬಾರದು. ಕಿಟಕಿ ಇಲ್ಲದ ಕಡೆ ರೂಮ್ ಮಾಡಲೇಬೇಡಿ. ನೆಲದ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ ಕಿಟಕಿ ಇದ್ದರೆ ಹಗಲಲ್ಲೂ ಲೈಟ್ ಹಾಕಬೇಕಾಗುತ್ತದೆ, ಕರಾವಳಿ ಕಡೆ ಸೆಕೆಗೆ ಅದೂ ಸಾಲದು, ಆರನೇ ಒಂದು ಭಾಗ ಬೇಕು. ಹಾಗಾಗಿ ಕಿಟಕಿ ಇರೋ ಮುಂದಿನ ಭಾಗ ರೂಮಿಗೆ, ಹಿಂದಿನ ಭಾಗ ದಾರಿಗೆ. ಇದರಲ್ಲಿ ಯೋಚನೆ ಮಾಡೋದೇನೂ ಇರಲಿಲ್ಲ.

ಯೋಚನೆ ಮಾಡಬೇಕಾಗಿದ್ದು ದಾರಿ ಎಷ್ಟು ಬಿಡೋದು ಅಂತ. ಪೇಪರ್ ಮೇಲೆ 3 ಅಡಿ ಸಾಕು ಅನ್ನಿಸಿತು. ಕೆಲಸದವರನ್ನು ಕರೆಯೋ ಮೊದಲು ಹಾಲ್‌ಗೆ ಅಡ್ಡಲಾಗಿ ಹಗ್ಗ ಕಟ್ಟಿ, ಅಮ್ಮನ ಎರಡು ಹಳೇ ಸೀರೆ ಇಳಿಬಿಟ್ಟೆವು. ಬಾಗಿಲು ಬರೋ ಜಾಗದಲ್ಲಿ ಸೀರೆ ಮಡಚಿ ಪಿನ್ ಹಾಕಿದೆವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಚ, ಮೇಜು, ಬಾಗಿಲು ತೆರೆಯೋ ಸುತ್ತಳತೆ ಎಲ್ಲ ಬರೆದೆವು. ಒಂದು ವಾರ ಹಾಗೇ ಇದ್ದೆವು. ದಯವಿಟ್ಟು ಇದನ್ನು ಮಾಡಿ, ಒಂದು ರೂಪಾಯಿ ಖರ್ಚಿಲ್ಲ.

ಆ ವಾರದಲ್ಲಿ ಗೊತ್ತಾಗಿದ್ದು ಎಷ್ಟೋ. ಬಾಗಿಲನ್ನು ಮೆಟ್ಟಿಲ ಕಡೆಗೆ ಇಡೋಣ ಅಂದುಕೊಂಡಿದ್ದೆವು. ರಾತ್ರಿ ಯಾರಾದರೂ ನೀರಿಗೆ ಅಂತ ಎದ್ದು ಮೆಟ್ಟಿಲ ಲೈಟ್ ಹಾಕಿದರೆ ನೇರ ಮಗಳ ಮುಖಕ್ಕೆ ಬೀಳುತ್ತಿತ್ತು. ಬಾಗಿಲನ್ನು ಇನ್ನೊಂದು ತುದಿಗೆ ಒಯ್ದೆವು, ಅಲ್ಲಿ ಒಳಗೆ ತೆರೆದಾಗ ಪಕ್ಕದ ಗೋಡೆಗೆ ಒರಗಿ ನಿಲ್ಲುತ್ತದೆ, ಜಾಗವೂ ಉಳಿಯಿತು. ಆಮೇಲೆ ಬೀರು. ನಮ್ಮ ಹಳೇ ಕಬ್ಬಿಣದ ಬೀರು 3 ಅಡಿ ಅಗಲ, ಆರೂವರೆ ಅಡಿ ಎತ್ತರ. ಇಬ್ಬರು ಹಿಡಿದು ಮೆಟ್ಟಿಲಿಂದ ಬಂದು ತಿರುಗಿಸೋಕೆ ಹೋದರೆ 3 ಅಡಿ ದಾರಿಯಲ್ಲಿ ತಿರುಗಲೇ ಇಲ್ಲ, ಸೀರೆ ಹರಿದು ಆ ಕಡೆ ಹೋಯಿತು. ಗೋಡೆ ಆಗಿದ್ದರೆ? ಆವತ್ತೇ ಹಗ್ಗವನ್ನು ಒಂದಡಿ ಮುಂದಕ್ಕೆ ಕಟ್ಟಿದೆವು. ರೂಮ್ 10×10, ದಾರಿ 4 ಅಡಿಗಿಂತ ಒಂಚೂರು ಜಾಸ್ತಿ. 10×10ರಲ್ಲಿ ಸಿಂಗಲ್ ಮಂಚ, ಓದೋ ಮೇಜು, 2 ಅಡಿ ಆಳದ ವಾರ್ಡ್‌ರೋಬ್ ಆರಾಮಾಗಿ ಕೂರುತ್ತದೆ. ದೊಡ್ಡ ಮಂಚ ಹಾಕಿದರೆ ಮೇಜು ಬಿಡಬೇಕು.

ಹಗ್ಗ ಮುಂದಕ್ಕೆ ಬಂದ ಮೇಲೆ ತಲೆ ಎತ್ತಿ ನೋಡಿದರೆ ಫ್ಯಾನ್. ಅದು ಹಳೇ ಹಾಲ್‌ನ ನಡುವೆ ಇತ್ತು, ಅಂದರೆ ಹೊಸ ಗೋಡೆಗೆ ಎರಡೂ ಮುಕ್ಕಾಲು ಅಡಿ ದೂರ. 48 ಇಂಚಿನ ಫ್ಯಾನಿನ ರೆಕ್ಕೆ ನಡುವಿಂದ 2 ಅಡಿ ಚಾಚುತ್ತದೆ. ಗೋಡೆಗೂ ರೆಕ್ಕೆಗೂ ಉಳಿದದ್ದು 9 ಇಂಚು! ಮೋಲ್ಡ್ (ಕಾಂಕ್ರೀಟ್ ಛಾವಣಿ) ಹಾಕುವಾಗ ಒಳಗೆ ಇಟ್ಟ ಫ್ಯಾನ್ ಬಾಕ್ಸನ್ನು ಈಗ ಸರಿಸೋಕಾಗಲ್ಲ. ರೂಮಿನ ನಡುವೆ ಆ್ಯಂಕರ್ ಬೋಲ್ಟ್ ಹಾಕಿ ಹೊಸ ಕೊಕ್ಕೆ ಕೂರಿಸಿ, ಹಳೇ ಬಾಕ್ಸಿಂದ ಅಲ್ಲಿವರೆಗೆ ಸೀಲಿಂಗ್ ಮೇಲೇ ಕೇಸಿಂಗ್ ಪಟ್ಟಿಯಲ್ಲಿ (ವೈರ್ ಮುಚ್ಚೋ ಪ್ಲಾಸ್ಟಿಕ್ ಪಟ್ಟಿ) ವೈರ್ ಎಳೆಸಿದೆವು. ಸೀಲಿಂಗ್ ಬಣ್ಣವನ್ನೇ ಪಟ್ಟಿಗೂ ಹೊಡೆದರೆ ಎದ್ದು ಕಾಣಲ್ಲ. ಬೋಲ್ಟ್ ಕೆಲಸ ಮಾತ್ರ ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಮಗು ಮಲಗೋ ಮಂಚದ ಮೇಲೆ ತೂಗೋ ಸಾಮಾನು ಅದು.

ಟಾಯ್ಲೆಟ್ ವಿಷಯಕ್ಕೆ ಬರೋಣ. ಮೇಲೆ ಇದ್ದದ್ದು ಒಂದೇ, ಅದೂ ಹಳೇ ಬೆಡ್‌ರೂಮಿಗೆ ಅಟ್ಯಾಚ್ಡ್. ಹೊಸ ರೂಮಿನವಳು ರಾತ್ರಿ ನಮ್ಮ ರೂಮ್ ದಾಟಿ ಹೋಗಬೇಕು ಅಂದರೆ ಅದು ರೂಮ್ ಮಾಡಿದ ಹಾಗಲ್ಲ. ಇನ್ನೊಂದು ಟಾಯ್ಲೆಟ್ ಕಟ್ಟೋಕೆ ಪೈಪು, ಸಂಕ್ ಸ್ಲ್ಯಾಬ್ (ಪೈಪು ಹಾಯಿಸೋಕೆ ತಗ್ಗಿಸಿ ಹಾಕೋ ನೆಲ) ಅಂತ ಕೆಳಗಿನ ಸೀಲಿಂಗ್‌ವರೆಗೂ ಕೆಲಸ ಎದ್ದುಬಿಡುತ್ತದೆ. ನಾವು ಬಾಗಿಲನ್ನಷ್ಟೇ ದಾರಿ ಕಡೆಗೆ ತಿರುಗಿಸಿದೆವು, ಹಳೇ ಬಾಗಿಲ ಜಾಗ ಮುಚ್ಚಿಸಿದೆವು. ನಮಗೆ ಅಟ್ಯಾಚ್ಡ್ ಅನ್ನೋ ಸೌಕರ್ಯ ಹೋಯಿತು, ಪರವಾಗಿಲ್ಲ. ಇಲ್ಲಿ ಎರಡು ಎಚ್ಚರ. ಗೋಡೆ ಒಡೆಯೋ ಮೊದಲು ಒಳಗೆ ನೀರಿನ ಪೈಪು, ವೈರ್ ಪೈಪು ಇದೆಯಾ ನೋಡಿಸಿ. ಮತ್ತೆ ಮೇಸ್ತ್ರಿಗೆ ಹೇಳಿ, ಬಾಗಿಲ ತಲೆಯ ಮೇಲೆ ಮೊದಲು ಲಿಂಟಲ್ (ಮೇಲಿನ ಗೋಡೆಯ ಭಾರ ಹೊರೋ ಅಡ್ಡ ತೊಲೆ) ಕೂರಿಸಿ, ಎರಡೂ ಕಡೆ ಕನಿಷ್ಠ 6 ಇಂಚು ಗೋಡೆ ಮೇಲೆ ಕೂತು ಗಟ್ಟಿ ಆದ ಮೇಲೆ ಕೆಳಗಿನದನ್ನು ಒಡೆಯಬೇಕು. ಅವಸರದಲ್ಲಿ ಮೊದಲು ಒಡೆದು ಆಮೇಲೆ ಲಿಂಟಲ್ ಹುಡುಕುವವರು ಇದ್ದಾರೆ. ಇದಕ್ಕೂ ಮೊದಲು ಆ ಗೋಡೆ ಭಾರ ಹೊರುವ ಗೋಡೆಯಾ ಅಂತ ಎಂಜಿನಿಯರ್ ಹೇಳಲಿ. ಪಿಲ್ಲರ್ ಇಲ್ಲದ ಹಳೇ ಮನೆಗಳಲ್ಲಿ ಗೋಡೆಗಳೇ ಮೋಲ್ಡನ್ನು ಹೊರುತ್ತವೆ.

ಈಗ ಗೋಡೆ. ನಮ್ಮ ಹೊಸ ಗೋಡೆ ಬರೋ ಜಾಗದ ಕೆಳಗೆ ಗೋಡೆಯೂ ಇಲ್ಲ, ಬೀಮೂ ಇಲ್ಲ, ಬರೀ ಕೆಳಗಿನ ಹಾಲ್‌ನ ಮೋಲ್ಡ್. 10 ಅಡಿ ಎತ್ತರಕ್ಕೆ 4 ಇಂಚಿನ ಸಾಲಿಡ್ ಬ್ಲಾಕ್ ಕಟ್ಟಿ ಎರಡೂ ಕಡೆ ಗಾರೆ ಮಾಡಿದರೆ ಉದ್ದದ ಒಂದೊಂದು ಅಡಿಗೆ 200 ಕೆಜಿಗಿಂತ ಜಾಸ್ತಿ. ಹತ್ತಡಿಗೆ ಎರಡು ಟನ್ ದಾಟುತ್ತದೆ. ತುಂಬಿದ ಸಾವಿರ ಲೀಟರ್ ಟ್ಯಾಂಕ್ ಎರಡನ್ನು ಹಾಲ್ ನಡುವೆ ಸಾಲಾಗಿ ಇಟ್ಟ ಹಾಗೆ. ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರೋ ಹಗುರ ಕಾಂಕ್ರೀಟ್ ಬ್ಲಾಕ್) ಆದರೆ ಗಾರೆ ಸೇರಿ ಅದರ ಅರ್ಧದ ಹತ್ತಿರ. ಕಬ್ಬಿಣದ ಚಾನೆಲ್‌ಗೆ ಎರಡೂ ಕಡೆ ಜಿಪ್ಸಂ ಬೋರ್ಡ್ ಹೊಡೆದರೆ ಅಡಿಗೆ ಸುಮಾರು 25 ಕೆಜಿ ಅಷ್ಟೆ. ನಾವು ಬೋರ್ಡನ್ನೇ ಆರಿಸಿದೆವು, ಟೈಲ್ಸ್ ಒಡೆಯೋದೂ ತಪ್ಪಿತು. ನಿಮ್ಮಲ್ಲಿ ಕೆಳಗೆ ಗೋಡೆ ಇದ್ದು ಎಂಜಿನಿಯರ್ ಒಪ್ಪಿದರೆ ಬ್ಲಾಕ್ ಒಳ್ಳೆಯದು, ಸದ್ದು ಚೆನ್ನಾಗಿ ತಡೆಯುತ್ತದೆ. "ಏನೂ ಆಗಲ್ಲ ಸಾರ್, ಎಷ್ಟೋ ಕಡೆ ಕಟ್ಟಿದ್ದೀವಿ" ಅನ್ನೋ ಮಾತಿಗೆ ಮಾತ್ರ ತಲೆ ಆಡಿಸಬೇಡಿ.

ಬೋರ್ಡ್ ಗೋಡೆಯ ಒಳಗೆ ಟೊಳ್ಳು ಬಿಟ್ಟರೆ ಡಬ್ಬ ಬಡಿದ ಹಾಗೆ ಸದ್ದು. ಒಳಗೆ ರಾಕ್‌ವೂಲ್ (ಸದ್ದು ತಡೆಯೋ ಕಲ್ಲಿನ ನಾರಿನ ಹಾಸು) ತುಂಬಿಸಿ, ಚಾನೆಲನ್ನು ಸೀಲಿಂಗ್‌ವರೆಗೂ ಒಯ್ಯಿಸಿ, ಮೇಲೆ ಸಂದು ಉಳಿದರೆ ಮಾತೆಲ್ಲ ಅಲ್ಲಿಂದಲೇ ಬರುತ್ತದೆ. ಪುಸ್ತಕದ ಶೆಲ್ಫ್ ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳಿದರೆ ಅಲ್ಲಿ ಬೋರ್ಡಿನ ಹಿಂದೆ ಪ್ಲೈವುಡ್ ಕೊಡುತ್ತಾರೆ. ಆಮೇಲೆ ಸುಮ್ನೆ ಮೊಳೆ ಹೊಡೆದರೆ ನಿಲ್ಲಲ್ಲ. ದಾರಿ ಕತ್ತಲಾಗಬಾರದು ಅಂತ ಗೋಡೆಯ ಮೇಲ್ಭಾಗದಲ್ಲಿ ಒಂದಡಿ ಎತ್ತರದ ಮಬ್ಬು ಗಾಜಿನ ಪಟ್ಟಿ ಇಡಿಸಿದೆವು. ಬಾಲ್ಕನಿ ಕಡೆಯ ಬೆಳಕು ಹಿಂದಿನವರೆಗೂ ಬರುತ್ತದೆ.

ಬೋರ್ಡ್ ಮುಚ್ಚೋ ಮೊದಲೇ ವೈರಿಂಗ್ ಮುಗಿಸಿ. ಮಂಚದ ತಲೆ ಹತ್ತಿರ ಒಂದು, ಮೇಜಿನ ಹತ್ತಿರ ಎರಡು ಪಾಯಿಂಟ್. ಮುಂದೆ ಎಸಿ ಹಾಕೋ ಯೋಚನೆ ಇದ್ದರೆ ಈಗಲೇ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದರೆ ತಾನೇ ಆಫ್ ಆಗೋ ಸ್ವಿಚ್). ಹಾಲ್‌ನ ಹಳೇ ಸ್ವಿಚ್ ಬೋರ್ಡ್ ಹೊಸ ರೂಮಿನೊಳಗೆ ಸಿಕ್ಕಿಬಿದ್ದು, ದಾರಿಯ ಲೈಟ್ ಹಾಕೋಕೆ ಮಗಳ ಬಾಗಿಲು ತಟ್ಟೋ ಹಾಗೆ ಆಗಬಾರದು, ನೋಡಿಕೊಳ್ಳಿ. ವೈರಿಂಗ್ ಆದ ಮೇಲೆ, ಬೋರ್ಡ್ ಮುಚ್ಚೋ ಮೊದಲು, ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆದಿಡಿ, ವೈರ್ ಎಲ್ಲಿದೆ ಅಂತ ಮುಂದೆ ಅದೊಂದೇ ಹೇಳೋದು.

ಬಾಲ್ಕನಿಯನ್ನೂ ಮುಚ್ಚಿ ರೂಮ್ ದೊಡ್ಡದು ಮಾಡಿ ಅಂತ ಹೇಳುವವರು ಸಿಗುತ್ತಾರೆ. ಮಂಜೂರಾದ ಪ್ಲ್ಯಾನ್ ತೋರಿಸಿ ಕೇಳದೆ ಮಾಡಬೇಡಿ. ಗಾಳಿಯೂ ಹೋಗುತ್ತದೆ. ನಮಗೆ ಬಂದ ತೊಂದರೆ ಬೇರೆ. ಬಾಲ್ಕನಿಗೆ ಹೋಗೋ ದಾರಿ ಈಗ ಮಗಳ ರೂಮಿನೊಳಗಿಂದ, ಬಟ್ಟೆ ಒಣಗಿಸೋ ತಂತಿ ಇದ್ದದ್ದು ಅಲ್ಲೇ. ಪರೀಕ್ಷೆಗೆ ಓದುತ್ತಾ ಕೂತವಳ ಪಕ್ಕದಲ್ಲಿ ದಿನಾ ಬಕೆಟ್ ಹಿಡಿದು ಹೋಗೋದು ಸರಿಯಲ್ಲ ಅಂತ ತಂತಿಯನ್ನು ಟೆರೇಸಿಗೆ ಹಾಕಿಸಿದೆವು.

ಟಾಯ್ಲೆಟ್ ಬಾಗಿಲು ಮುಚ್ಚಿದ ಜಾಗದ ಗಾರೆಗೆ ಒಂದು ವಾರ ನೀರು ಹಾಕಿ. ಚೆನ್ನಾಗಿ ಒಣಗೋವರೆಗೆ ಪುಟ್ಟಿ, ಪೇಂಟ್ ಬೇಡ, ಮಳೆಗಾಲವಾದರೆ ಇನ್ನೂ ಕಾಯಿರಿ. ಒಳಗಡೆ ಹಳೇ ಟೈಲ್ಸಿನ ಬಣ್ಣ ಈಗ ಸಿಗಲ್ಲ, ಹುಡುಕುತ್ತಾ ಕೂರೋ ಬದಲು ಬೇರೆಯದೇ ಬಣ್ಣ ಹಾಕಿಸಿಬಿಡಿ. ಬೀರುವನ್ನು ಆ ಹೊಸ ಗಾರೆಯ ಗೋಡೆಗೆ ಇಡೋದಾದರೆ ಎರಡು ಇಂಚು ಬಿಟ್ಟು ಇಡಿ, ಹಿಂದೆ ಗಾಳಿ ಆಡಲಿ.