ಓಡುತ್ತಿರುವುದು ಯಾವ ಬೈನರಿ? ಟೆರಾಫಾರ್ಮ್ ಪ್ರೊವೈಡರ್ ಒಂದನ್ನು ಸ್ವಂತ ಯಂತ್ರದಲ್ಲೇ ಪರೀಕ್ಷಿಸಿದ ಅನುಭವ

ಬೇಕಾದ ಮೂಲಸೌಕರ್ಯವನ್ನು ಕಡತಗಳಲ್ಲಿ ಬರೆದಿಟ್ಟರೆ ಅದನ್ನು ಕಟ್ಟಿಕೊಡುವ ತಂತ್ರಾಂಶ ಟೆರಾಫಾರ್ಮ್. ನಮ್ಮ ತಂಡದಲ್ಲಿ ಸರ್ವರ್, ನೆಟ್‌ವರ್ಕ್, ಡೇಟಾಬೇಸ್ ಎಲ್ಲವೂ ಟೆರಾಫಾರ್ಮ್ ಕಡತಗಳಲ್ಲಿ ಬರೆದಿಟ್ಟಂತೆಯೇ ಹುಟ್ಟುತ್ತವೆ, ಅಳಿಯುತ್ತವೆ. ಹೊರಗುಳಿದಿದ್ದು ಕಚೇರಿಯ ಒಳಗಿನ ಡಿಎನ್‌ಎಸ್ (ಹೆಸರುಗಳನ್ನು ಯಂತ್ರಗಳ ವಿಳಾಸಗಳಿಗೆ ಜೋಡಿಸುವ) ವ್ಯವಸ್ಥೆ ಮಾತ್ರ. ಬೇರೆ ಪ್ರೋಗ್ರಾಂಗಳು ಅದರೊಂದಿಗೆ ಮಾತನಾಡಲು ಒಂದು ಎಪಿಐ ಇತ್ತು, ಆ ಎಪಿಐಯನ್ನು ಟೆರಾಫಾರ್ಮ್‌ಗೆ ಜೋಡಿಸುವ ಪ್ರೊವೈಡರ್ ಇರಲಿಲ್ಲ. ಹೊಸ ಸರ್ವರ್ ಬಂದಾಗಲೆಲ್ಲ ಯಾರಾದರೂ ಕೈಯಾರೆ ಹೆಸರು ಸೇರಿಸಬೇಕಿತ್ತು. ಸರ್ವರ್ ಹೋದ ಮೇಲೆ ಆ ಹೆಸರನ್ನು ತೆಗೆಯಲು ಯಾರಿಗೂ ನೆನಪಾಗುತ್ತಿರಲಿಲ್ಲ. ಆ ಕೊರತೆ ತುಂಬಲು ಗೋ ಭಾಷೆಯಲ್ಲಿ ಪ್ರೊವೈಡರ್ ಬರೆಯುವ ಕೆಲಸವನ್ನು ವಹಿಸಿಕೊಂಡೆ.

ಪ್ರೊವೈಡರ್ ಬರೆಯುವುದು ಹೇಗೆಂದು ತಿಳಿಸುವ ಕೈಪಿಡಿಗಳು ಬೇಕಾದಷ್ಟಿವೆ. ಬರೆದದ್ದನ್ನು ಯಾವ ರಿಜಿಸ್ಟ್ರಿಗೂ (ಪ್ರೊವೈಡರ್‌ಗಳನ್ನು ಪ್ರಕಟಿಸುವ ತಾಣ) ಏರಿಸದೆ, ಲ್ಯಾಪ್‌ಟಾಪ್‌ನಲ್ಲೇ, ನಿಜವಾದ ಟೆರಾಫಾರ್ಮ್‌ನ ಕೈಗೆ ಕೊಟ್ಟು ನೋಡುವ ಭಾಗವೇ ನನಗೆ ಹೆಚ್ಚು ಕಲಿಸಿತು. ಅಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಓಡುತ್ತಿರುವುದು ನಾನು ಈಗಷ್ಟೇ ಕಟ್ಟಿದ ಬೈನರಿಯೇ, ಅಂದರೆ ನನ್ನ ಕೋಡ್‌ನಿಂದ ತಯಾರಾದ, ಓಡಿಸಬಲ್ಲ ಕಡತವೇ? ಇದಕ್ಕೆ ಖಚಿತ ಉತ್ತರವಿಲ್ಲದೆ ಬಂದ ಯಾವ ಫಲಿತಾಂಶವನ್ನೂ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಪ್ರಶ್ನೆ ಏಳುವುದೇ ಟೆರಾಫಾರ್ಮ್‌ನ ರಚನೆಯಿಂದ. 2017ರ 0.10ನೇ ಆವೃತ್ತಿಯಲ್ಲಿ ಪ್ರೊವೈಡರ್‌ಗಳನ್ನು ಮೂಲ ತಂತ್ರಾಂಶದಿಂದ ಬೇರ್ಪಡಿಸಲಾಯಿತು. ಅಂದಿನಿಂದ ಪ್ರತಿಯೊಂದು ಪ್ರೊವೈಡರ್ ಕೂಡ ಪ್ರತ್ಯೇಕ ಪ್ರೋಗ್ರಾಂ. ಟೆರಾಫಾರ್ಮ್ ಅದನ್ನು ಎಬ್ಬಿಸಿ, ಜಿಆರ್‌ಪಿಸಿ ಎಂಬ ಸಂವಹನ ವಿಧಾನದ ಮೂಲಕ ಮಾತನಾಡಿ, ಕೆಲಸ ಮುಗಿದೊಡನೆ ನಿಲ್ಲಿಸುತ್ತದೆ. ನಾವೇ ನೇರವಾಗಿ ಓಡಿಸಲು ಹೋದರೆ, ಇದು ಪ್ಲಗಿನ್, ಹೀಗೆ ನೇರವಾಗಿ ಓಡಿಸುವಂಥದ್ದಲ್ಲ ಎಂದು ಹೇಳಿ ನಿಂತುಬಿಡುತ್ತದೆ. 2020ರಲ್ಲಿ ಬಂದ 0.13ನೇ ಆವೃತ್ತಿ ಪ್ರತಿ ಪ್ರೊವೈಡರ್‌ಗೂ ಮೂರು ಭಾಗದ ವಿಳಾಸ ಕೊಟ್ಟಿತು: ರಿಜಿಸ್ಟ್ರಿಯ ಹೋಸ್ಟ್, ನೇಮ್‌ಸ್ಪೇಸ್, ಪ್ರೊವೈಡರ್ ಹೆಸರು. ಬೈನರಿ ಡಿಸ್ಕ್‌ನಲ್ಲಿ ಎಲ್ಲೋ ಇದ್ದರೆ ಸಾಲದು, ಆ ವಿಳಾಸಕ್ಕೆ ಸೇರಿದ್ದೇ ಇದು ಎಂದು ಟೆರಾಫಾರ್ಮ್‌ಗೆ ತಿಳಿಯಬೇಕು.

ತಿಳಿಸುವ ಸುಲಭ ದಾರಿ ಅದೇ ವರ್ಷದ ಕೊನೆಗೆ 0.14ರೊಂದಿಗೆ ಬಂದ ಡೆವ್ ಓವರ್‌ರೈಡ್ಸ್. ಟೆರಾಫಾರ್ಮ್‌ನ ಸಿಎಲ್‌ಐ (ಕಮಾಂಡ್ ಸಾಲಿನ) ಸಂರಚನಾ ಕಡತದಲ್ಲಿ, ಪ್ರೊವೈಡರ್ ಇನ್‌ಸ್ಟಲೇಶನ್ ಎಂಬ ಬ್ಲಾಕ್‌ನ ಒಳಗೆ, ಇಂಥ ವಿಳಾಸದ ಪ್ರೊವೈಡರ್ ಬೇಕಾದಾಗ ಇಂಥ ಫೋಲ್ಡರ್‌ನಲ್ಲಿರುವುದನ್ನೇ ತೆಗೆದುಕೋ ಎಂದು ಒಂದು ಸಾಲು ಬರೆಯಬೇಕು. ಕೊಡಬೇಕಾದದ್ದು ಬೈನರಿ ಇರುವ ಫೋಲ್ಡರ್‌ನ ದಾರಿಯನ್ನು, ಬೈನರಿಯ ದಾರಿಯನ್ನಲ್ಲ. ಗೋ ಇನ್‌ಸ್ಟಾಲ್ ಕಮಾಂಡ್ ಬೈನರಿಯನ್ನು ಯಾವ ಫೋಲ್ಡರ್‌ಗೆ ಹಾಕುತ್ತದೆಯೋ ಅದನ್ನೇ ನಾನು ಕೊಟ್ಟೆ. ಅಲ್ಲಿಂದ ಮುಂದೆ ಕೋಡ್ ಬದಲಿಸುವುದು, ಗೋ ಇನ್‌ಸ್ಟಾಲ್ ಓಡಿಸುವುದು, ಏನೇನು ಬದಲಾಗಲಿದೆ ಎಂದು ಹೇಳುವ ಪ್ಲಾನ್ ನೋಡುವುದು, ಇಷ್ಟೇ ಚಕ್ರ. ಅದೇ ಬ್ಲಾಕ್‌ನ ಕೊನೆಯಲ್ಲಿ ಖಾಲಿ ಡೈರೆಕ್ಟ್ ಬ್ಲಾಕ್ ಒಂದನ್ನು ಮರೆಯದೆ ಸೇರಿಸಬೇಕು. ಅದಿಲ್ಲದಿದ್ದರೆ ಉಳಿದ ಪ್ರೊವೈಡರ್‌ಗಳನ್ನು ರಿಜಿಸ್ಟ್ರಿಯಿಂದ ತರುವ ದಾರಿಯೇ ಮುಚ್ಚಿಹೋಗುತ್ತದೆ.

ಈ ಸಾಲುಗಳನ್ನು ಹೋಮ್ ಫೋಲ್ಡರ್‌ನ ಕಡತದಲ್ಲಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬರೆದರೆ ಅದು ಆ ಯಂತ್ರದ ಎಲ್ಲ ಪ್ರಾಜೆಕ್ಟ್‌ಗಳಿಗೂ ಅನ್ವಯಿಸುತ್ತದೆ, ನಿಜವಾದ ಉತ್ಪಾದನಾ ವ್ಯವಸ್ಥೆಗೆ ಸೇರಿದ ಫೋಲ್ಡರ್‌ಗೂ. ಪ್ರೊವೈಡರ್‌ನ ರೆಪೊಸಿಟರಿಯಲ್ಲೇ ಬೇರೆಯದೊಂದು ಸಂರಚನಾ ಕಡತ ಇಟ್ಟು, ಟಿಎಫ್_ಸಿಎಲ್‌ಐ_ಕಾನ್‌ಫಿಗ್_ಫೈಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಆ ಒಂದು ಟರ್ಮಿನಲ್‌ನಲ್ಲಿ ಮಾತ್ರ ಅದಕ್ಕೆ ತಿರುಗಿಸಿದೆ. ಟರ್ಮಿನಲ್ ಮುಚ್ಚಿದರೆ ಓವರ್‌ರೈಡ್ ಕೂಡ ಮುಗಿಯಿತು.

ಓವರ್‌ರೈಡ್ ಜಾರಿಯಲ್ಲಿರುವಾಗ ಪ್ಲಾನ್ ಮಾಡಿದರೆ ಟೆರಾಫಾರ್ಮ್ ಮೊದಲಿಗೆ ಹಳದಿ ಬಣ್ಣದ ಎಚ್ಚರಿಕೆಯೊಂದನ್ನು ತೋರಿಸುತ್ತದೆ: ಅಭಿವೃದ್ಧಿ ಹಂತದ ಪ್ರೊವೈಡರ್ ಬಳಕೆಯಲ್ಲಿದೆ, ಅಪ್ಲೈ ಮಾಡಿದರೆ (ಪ್ಲಾನ್ ಅನ್ನು ಜಾರಿಗೆ ತಂದರೆ) ನಿಮ್ಮ ಸ್ಟೇಟ್, ಅಂದರೆ ತಾನು ಸೃಷ್ಟಿಸಿದ್ದರ ಬಗ್ಗೆ ಟೆರಾಫಾರ್ಮ್ ಇಟ್ಟುಕೊಳ್ಳುವ ದಾಖಲೆ, ಪ್ರಕಟಿತ ಆವೃತ್ತಿಗಳಿಗೆ ಹೊಂದದೆ ಹೋಗಬಹುದು ಎಂಬುದು ಅದರ ಸಾರ. ಆ ಎಚ್ಚರಿಕೆ ಕಂಡರೆ ಸಮಾಧಾನ, ಕಾಣದಿದ್ದರೆ ಅಲ್ಲೇ ನಿಲ್ಲಬೇಕು. ಅದರಲ್ಲಿ ಹೇಳಿರುವ ಅಪಾಯವೂ ನಿಜವೇ. ರಿಸೋರ್ಸ್‌ನ ಸ್ಕೀಮಾ (ಅದರ ಮಾಹಿತಿಯ ರಚನೆ) ಆವೃತ್ತಿಯನ್ನು ಏರಿಸಿದ ಬೈನರಿ ಸ್ಟೇಟ್ ಕಡತಕ್ಕೆ ಬರೆದ ಮೇಲೆ, ಹಳೆಯ ಪ್ರಕಟಿತ ಪ್ರೊವೈಡರ್ ಅದನ್ನು ಓದಲು ಒಪ್ಪುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಪ್ರತ್ಯೇಕ ಫೋಲ್ಡರ್, ಪ್ರತ್ಯೇಕ ಲೋಕಲ್ ಸ್ಟೇಟ್. ಇದರಲ್ಲಿ ರಾಜಿಯಿಲ್ಲ.

ಬೇಕಾದ ಪ್ರೊವೈಡರ್‌ಗಳನ್ನು ತಂದು ಫೋಲ್ಡರ್ ಅನ್ನು ಸಜ್ಜುಗೊಳಿಸುವ ಇನಿಟ್ ವಿಷಯದಲ್ಲಿ ಮಾತ್ರ ಹೊಸಬರು ಸಾಮಾನ್ಯವಾಗಿ ತಡವರಿಸುತ್ತಾರೆ. ಟೆರಾಫಾರ್ಮ್‌ನ ಹಲವು ಆವೃತ್ತಿಗಳಲ್ಲಿ ಓವರ್‌ರೈಡ್ ಇದ್ದರೂ ಇನಿಟ್ ಕಮಾಂಡ್ ಆ ಪ್ರೊವೈಡರ್‌ನ ಪ್ರಕಟಿತ ಆವೃತ್ತಿಯನ್ನು ರಿಜಿಸ್ಟ್ರಿಯಲ್ಲಿ ಹುಡುಕಲು ಹೋಗುತ್ತದೆ. ಇನ್ನೂ ಪ್ರಕಟಿಸಿಯೇ ಇಲ್ಲದ ಪ್ರೊವೈಡರ್ ಅಲ್ಲಿ ಎಲ್ಲಿ ಸಿಗಬೇಕು? ದೋಷ ಬರುತ್ತದೆ. ಪರೀಕ್ಷಾ ಫೋಲ್ಡರ್‌ನಲ್ಲಿ ನನ್ನ ಪ್ರೊವೈಡರ್ ಒಂದನ್ನೇ ಬಳಸಿ, ಇನಿಟ್ ಬಿಟ್ಟು ನೇರವಾಗಿ ಪ್ಲಾನ್ ಮಾಡಿದೆ. ಮಾಡ್ಯೂಲ್ (ಮತ್ತೆ ಮತ್ತೆ ಬಳಸುವ ಟೆರಾಫಾರ್ಮ್ ಕಡತಗಳ ಗುಂಪು) ಬೇಕಾದ ಕಡೆ ಟೆರಾಫಾರ್ಮ್ ಗೆಟ್ ಸಾಕು. ಅದು ಪ್ರೊವೈಡರ್‌ಗಳ ತಂಟೆಗೆ ಹೋಗದೆ ಮಾಡ್ಯೂಲ್‌ಗಳನ್ನಷ್ಟೇ ತರುತ್ತದೆ.

ಎಚ್ಚರಿಕೆಯ ಸಂದೇಶ ಫೋಲ್ಡರ್ ಯಾವುದೆಂದು ಹೇಳುತ್ತದೆ, ಅದರಲ್ಲಿರುವ ಬೈನರಿ ಯಾವ ಕೋಡ್‌ನಿಂದ ಹುಟ್ಟಿದ್ದೆಂದು ಹೇಳುವುದಿಲ್ಲ. ಇದಕ್ಕೆ ಎರಡು ಕಡೆ ಗುರುತು ಹಾಕಿಕೊಂಡೆ. ಮೊದಲನೆಯದು ಗೋ ತಾನಾಗಿಯೇ ಕೊಡುವಂಥದ್ದು: 1.18ನೇ ಆವೃತ್ತಿಯಿಂದ ಈಚೆಗೆ ಗೋ ಕಮಾಂಡ್ ಬೈನರಿಯೊಳಗೆ ಗಿಟ್ ಕಮಿಟ್‌ನ (ಕೋಡ್‌ನ ಇತಿಹಾಸದಲ್ಲಿ ಉಳಿಸಿಟ್ಟ ಒಂದು ಹಂತ) ಗುರುತನ್ನೂ, ಕಮಿಟ್ ಆಗದ ಬದಲಾವಣೆಗಳಿದ್ದವೇ ಎಂಬುದನ್ನೂ ಸೇರಿಸುತ್ತದೆ. ಗೋ ವರ್ಶನ್ ಕಮಾಂಡ್‌ಗೆ ಎಂ ಎಂಬ ಆಯ್ಕೆ ಕೊಟ್ಟು ಬೈನರಿಯ ದಾರಿ ತೋರಿಸಿದರೆ ಎಲ್ಲವೂ ಕಾಣುತ್ತದೆ. ಎರಡನೆಯದನ್ನು ನಾನೇ ಬರೆದೆ: ಪ್ರೊವೈಡರ್ ಎಪಿಐಗೆ ಕಳಿಸುವ ಪ್ರತಿ ಕೋರಿಕೆಯ ಯೂಸರ್ ಏಜೆಂಟ್‌ನಲ್ಲಿ (ಕೋರಿಕೆ ಕಳಿಸಿದ ಪ್ರೋಗ್ರಾಂ ಯಾವುದೆಂದು ಹೇಳುವ ಸಾಲು) ಅದೇ ಕಮಿಟ್ ಗುರುತು. ಡಿಎನ್‌ಎಸ್ ಸರ್ವರ್‌ನ ಲಾಗ್ ನೋಡಿದರೆ ಯಾವ ದಾಖಲೆಯನ್ನು ಯಾವ ಕೋಡ್ ಬರೆಯಿತು ಎಂಬುದು ಆ ತುದಿಯಿಂದಲೂ ತಿಳಿಯುತ್ತದೆ. ಈ ಪುಟ್ಟ ಕೆಲಸ ನನಗೆ ಉಳಿಸಿಕೊಟ್ಟ ಹೊತ್ತು ಬಹಳ.

ಬೈನರಿಯ ಮೇಲೆ ನಂಬಿಕೆ ಬಂದ ಮೇಲೆ ಸಿಕ್ಕ ಮೊದಲ ನಿಜವಾದ ದೋಷ ಒಂದು ಚುಕ್ಕೆಯದು. ಡಿಎನ್‌ಎಸ್‌ನಲ್ಲಿ ಪೂರ್ಣ ಹೆಸರು ಚುಕ್ಕೆಯೊಂದಿಗೆ ಕೊನೆಯಾಗುತ್ತದೆ, ಆ ಚುಕ್ಕೆ ಮೂಲ ವಲಯದ ಸೂಚಕ. ಬಳಕೆದಾರರು ಟೆರಾಫಾರ್ಮ್ ಕಡತದಲ್ಲಿ ಚುಕ್ಕೆಯಿಲ್ಲದೆ ಬರೆಯುತ್ತಾರೆ, ಎಪಿಐ ಚುಕ್ಕೆ ಸೇರಿಸಿ ಹಿಂದಿರುಗಿಸುತ್ತದೆ. ಎಪಿಐ ಕೊಟ್ಟದ್ದನ್ನೇ ಕ್ರಿಯೇಟ್ ಫಂಕ್ಷನ್ ಸ್ಟೇಟ್‌ಗೆ ಬರೆದರೆ, ಅಪ್ಲೈ ನಂತರ ಪ್ರೊವೈಡರ್ ಅಸಂಗತ ಫಲಿತಾಂಶ ಕೊಟ್ಟಿದೆ ಎಂದು ಟೆರಾಫಾರ್ಮ್ ಕೆಂಪು ದೋಷ ತೋರಿಸುತ್ತದೆ. ಪ್ಲಾನ್‌ನಲ್ಲಿ ಇದ್ದದ್ದು ಒಂದು, ಬಂದದ್ದು ಇನ್ನೊಂದು. ಇದು ಪ್ರೊವೈಡರ್‌ನದೇ ತಪ್ಪು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಬಳಕೆದಾರರು ಬರೆದದ್ದನ್ನೇ ಸ್ಟೇಟ್‌ಗೆ ಹಾಕಿದರೆ ಅಪ್ಲೈ ಹಸಿರಾಗಿ ಮುಗಿಯುತ್ತದೆ. ಆದರೆ ಮುಂದಿನ ಪ್ಲಾನ್‌ನಲ್ಲಿ ರೀಡ್ ಫಂಕ್ಷನ್ ಎಪಿಐಯಿಂದ ಚುಕ್ಕೆ ಹೊತ್ತು ತರುತ್ತದೆ. ಯಾರೂ ಏನೂ ಬದಲಿಸದಿದ್ದರೂ ಹೆಸರು ಬದಲಾಗಿದೆ ಎಂದು ಪ್ಲಾನ್ ಹೇಳುತ್ತದೆ. ಹೆಸರು ಬದಲಾದರೆ ದಾಖಲೆಯನ್ನು ಅಳಿಸಿ ಮತ್ತೆ ಸೃಷ್ಟಿಸಬೇಕು ಎಂದು ಸ್ಕೀಮಾದಲ್ಲಿ ಬರೆದಿದ್ದರೆ ಪರಿಣಾಮ ಊಹಿಸಿಕೊಳ್ಳಿ: ಒಂದು ಚುಕ್ಕೆಗಾಗಿ ಪ್ರತಿ ಅಪ್ಲೈನಲ್ಲೂ ಜೀವಂತ ಹೆಸರೊಂದು ಕೆಲಕ್ಷಣ ಮಾಯವಾಗುತ್ತದೆ.

ಪ್ರೊವೈಡರ್ ಬರೆಯಲು ಬಳಸುವ ಪ್ಲಗಿನ್ ಫ್ರೇಮ್‌ವರ್ಕ್‌ನಲ್ಲಿ ಇದಕ್ಕೆ ಸರಿಯಾದ ಪರಿಹಾರವಿದೆ. ಹೆಸರಿಗೆಂದೇ ಒಂದು ಕಸ್ಟಮ್ ಟೈಪ್ ಬರೆದು, ಕೊನೆಯ ಚುಕ್ಕೆ ಇದ್ದರೂ ಇಲ್ಲದಿದ್ದರೂ ಎರಡೂ ಅರ್ಥದಲ್ಲಿ ಸಮ ಎಂದು ಅದಕ್ಕೆ ಕಲಿಸಬಹುದು. ಆಗ ಫ್ರೇಮ್‌ವರ್ಕ್ ಹಳೆಯ ಮೌಲ್ಯವನ್ನೇ ಉಳಿಸಿಕೊಳ್ಳುತ್ತದೆ. ನಾನು ಹಾಗೆಯೇ ಮಾಡಿದೆ. ಅಂದಿನಿಂದ ಪ್ರತಿ ಅಪ್ಲೈ ಆದ ಮೇಲೆ ಇನ್ನೊಂದು ಪ್ಲಾನ್ ಓಡಿಸಿ, ಅದು ಖಾಲಿ ಬರುವುದನ್ನು ಕಣ್ಣಾರೆ ನೋಡುತ್ತೇನೆ. ಸ್ಕ್ರಿಪ್ಟ್‌ನಲ್ಲಾದರೆ ಡೀಟೇಲ್ಡ್ ಎಕ್ಸಿಟ್‌ಕೋಡ್ ಎಂಬ ಆಯ್ಕೆ ಸಾಕು: ಬದಲಾವಣೆ ಇಲ್ಲದಿದ್ದರೆ 0, ದೋಷವಾದರೆ 1, ಬದಲಾವಣೆ ಇದ್ದರೆ 2.

ಇದನ್ನು ಕೈಯಾರೆ ಮಾಡುತ್ತಲೇ ಇರಲು ಆಗುವುದಿಲ್ಲ, ಅದಕ್ಕೆ ಅಕ್ಸೆಪ್ಟೆನ್ಸ್ ಟೆಸ್ಟ್‌ಗಳಿವೆ. ಗೋ ಟೆಸ್ಟ್‌ನೊಳಗಿಂದಲೇ ನಿಜವಾದ ಟೆರಾಫಾರ್ಮ್ ಓಡುತ್ತದೆ, ನಿಜವಾದ ಎಪಿಐಯನ್ನು ಮುಟ್ಟುತ್ತದೆ. ಪ್ರತಿ ಹಂತದ ನಂತರ ಪ್ಲಾನ್ ಖಾಲಿಯಿದೆಯೇ ಎಂದು ತಾನಾಗಿ ಪರೀಕ್ಷಿಸಿ, ಕೊನೆಗೆ ಡಿಸ್ಟ್ರಾಯ್ ಮಾಡಿ ಜಾಗ ಸ್ವಚ್ಛಗೊಳಿಸುತ್ತದೆ. ಆದರೆ ಇಲ್ಲಿಯೂ ಆ ಹಳೆಯ ಪ್ರಶ್ನೆ ಕಾದಿರುತ್ತದೆ. ಟಿಎಫ್_ಎಸಿಸಿ ಎಂಬ ವೇರಿಯಬಲ್‌ಗೆ ಮೌಲ್ಯ ಕೊಡದಿದ್ದರೆ ಈ ಟೆಸ್ಟ್‌ಗಳು ಓಡುವುದೇ ಇಲ್ಲ, ಆದರೂ ಗೋ ಸರಿಯಿದೆ ಎಂದೇ ಮುದ್ರಿಸುತ್ತದೆ. ಕೋಡ್ ಬದಲಾಗದೆ ಎಪಿಐ ಮಾತ್ರ ಬದಲಾದಾಗ ಗೋ ಹಿಂದಿನ ಫಲಿತಾಂಶವನ್ನೇ ಕ್ಯಾಶ್‌ನಿಂದ ತೆಗೆದು ಕೊಡಬಹುದು. ಆದ್ದರಿಂದ ಕೌಂಟ್ ಆಯ್ಕೆಗೆ 1 ಕೊಟ್ಟು ಪ್ರತಿ ಬಾರಿಯೂ ಹೊಸದಾಗಿ ಓಡಿಸುವುದು, ವಿವರವಾದ ಔಟ್‌ಪುಟ್‌ನಲ್ಲಿ ಟೆಸ್ಟ್ ಬಿಟ್ಟುಹೋಗಿಲ್ಲವೆಂದು ನೋಡುವುದು ನನ್ನ ರೂಢಿ. ಟೆರಾಫಾರ್ಮ್‌ನಿಂದ ಕವಲೊಡೆದ ಓಪನ್‌ಟೋಫು ಬಳಸುವ ತಂಡಗಳಿಗಾಗಿ ಇದೇ ಟೆಸ್ಟ್‌ಗಳನ್ನು ಟೋಫು ಬೈನರಿಯೊಂದಿಗೂ ಓಡಿಸುತ್ತೇನೆ. ಟಿಎಫ್_ಎಸಿಸಿ_ಟೆರಾಫಾರ್ಮ್_ಪಾತ್‌ಗೆ ಅದರ ದಾರಿ, ಪ್ರೊವೈಡರ್ ಹೋಸ್ಟ್‌ನ ವೇರಿಯಬಲ್‌ಗೆ ಅದರ ರಿಜಿಸ್ಟ್ರಿಯ ಹೆಸರು ಕೊಡಬೇಕಾಗುತ್ತದೆ.

ಲಾಗ್‌ನಿಂದ ಬಗೆಹರಿಯದ ಸಮಸ್ಯೆಗಳಿಗೆ ಡೀಬಗರ್ ಇದೆ. ಪ್ರೊವೈಡರ್ ಅನ್ನು ಡೆಲ್ವ್ ಎಂಬ ಗೋ ಡೀಬಗರ್‌ನ ಕೆಳಗೆ ಡೀಬಗ್ ಆಯ್ಕೆಯೊಂದಿಗೆ ನಾವೇ ಎಬ್ಬಿಸಿದರೆ ಅದು ಟಿಎಫ್_ರೀಅಟ್ಯಾಚ್_ಪ್ರೊವೈಡರ್ಸ್ ಎಂಬ ಉದ್ದನೆಯ ಸಾಲೊಂದನ್ನು ಮುದ್ರಿಸುತ್ತದೆ. ಅದನ್ನು ಇನ್ನೊಂದು ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಪ್ಲಾನ್ ಕೊಟ್ಟರೆ, ಟೆರಾಫಾರ್ಮ್ ಹೊಸ ಪ್ರಕ್ರಿಯೆ ಶುರುಮಾಡದೆ ಆಗಲೇ ಓಡುತ್ತಿರುವುದಕ್ಕೆ ಜೋಡಿಕೊಳ್ಳುತ್ತದೆ. ಬ್ರೇಕ್‌ಪಾಯಿಂಟ್ ಇಟ್ಟ ಸಾಲಿನಲ್ಲಿ ನಿಲ್ಲುತ್ತದೆ. ಒಂದು ವ್ಯತ್ಯಾಸ ಮಾತ್ರ ಸದಾ ನೆನಪಿರಬೇಕು. ಸಾಮಾನ್ಯ ಬಳಕೆಯಲ್ಲಿ ಟೆರಾಫಾರ್ಮ್ ಒಂದೇ ಕಮಾಂಡ್‌ನ ಒಳಗೂ ಪ್ರೊವೈಡರ್ ಅನ್ನು ಒಂದಕ್ಕಿಂತ ಹೆಚ್ಚು ಬಾರಿ ಎಬ್ಬಿಸಿ ನಿಲ್ಲಿಸುತ್ತದೆ. ಡೀಬಗ್ ವಿಧಾನದಲ್ಲಿ ಒಂದೇ ಪ್ರಕ್ರಿಯೆ ಪ್ಲಾನ್‌ನಿಂದ ಅಪ್ಲೈವರೆಗೂ ಜೀವಂತವಾಗಿರುತ್ತದೆ. ಪ್ಲಾನ್ ಹೊತ್ತಿನಲ್ಲಿ ಮೆಮೊರಿಯಲ್ಲಿ ಇಟ್ಟ ಮೌಲ್ಯವನ್ನು ಅಪ್ಲೈ ಹೊತ್ತಿನಲ್ಲಿ ನಂಬುವ ಕೋಡ್ ಡೀಬಗರ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಹೊರಗೆ ಬಂದರೆ ಕುಸಿಯುತ್ತದೆ. ಆದ್ದರಿಂದ ಡೀಬಗರ್‌ನಲ್ಲಿ ಸರಿಹೋದದ್ದನ್ನು ಓವರ್‌ರೈಡ್‌ನೊಂದಿಗೆ ಮತ್ತೊಮ್ಮೆ ಓಡಿಸಿಯೇ ಮುಂದೆ ಹೋಗುತ್ತೇನೆ.

ಪ್ರಕಟಣೆಗೆ ಮೊದಲು ಇನಿಟ್ ಅನ್ನೂ ಪರೀಕ್ಷಿಸಬೇಕು. ಓವರ್‌ರೈಡ್ ಆವೃತ್ತಿಯ ನಿಬಂಧನೆಯನ್ನಾಗಲಿ ಕಡತದ ಬೆರಳಚ್ಚಿನಂಥ ಚೆಕ್‌ಸಮ್ ಅನ್ನಾಗಲಿ ನೋಡುವುದೇ ಇಲ್ಲ, ಬಳಕೆದಾರರಿಗೆ ಎರಡೂ ಮೊದಲ ಹೆಜ್ಜೆಯಲ್ಲೇ ಎದುರಾಗುತ್ತವೆ. ಇದಕ್ಕೆ ಹೋಮ್ ಫೋಲ್ಡರ್‌ನಲ್ಲಿರುವ ಟೆರಾಫಾರ್ಮ್.ಡಿ ಎಂಬ ಅಡಗಿದ ಫೋಲ್ಡರ್‌ನ ಪ್ಲಗಿನ್ಸ್ ಜಾಗ ಬಳಸಿದೆ. ಅದರೊಳಗೆ ಹೋಸ್ಟ್, ನೇಮ್‌ಸ್ಪೇಸ್, ಹೆಸರು, ಆವೃತ್ತಿ, ಕೊನೆಗೆ ಲಿನಕ್ಸ್_ಎಎಂಡಿ64ರಂಥ ವೇದಿಕೆಯ ಹೆಸರು, ಹೀಗೆ ಒಂದರೊಳಗೊಂದು ಫೋಲ್ಡರ್ ಮಾಡಿ ಬೈನರಿ ಇಟ್ಟರೆ ಇನಿಟ್ ಅದನ್ನು ಸ್ಥಳೀಯ ಮಿರರ್ (ರಿಜಿಸ್ಟ್ರಿಯ ಬದಲಿಗೆ ಬಳಸುವ ನಕಲು) ಎಂದು ಪರಿಗಣಿಸುತ್ತದೆ. ಅದರ ಚೆಕ್‌ಸಮ್ ಅನ್ನು, ಆಯ್ದ ಆವೃತ್ತಿಗಳನ್ನು ದಾಖಲಿಸುವ ಲಾಕ್ ಕಡತದಲ್ಲಿ ಬರೆದುಕೊಳ್ಳುತ್ತದೆ. ಅದೇ ಆವೃತ್ತಿ ಸಂಖ್ಯೆಯಲ್ಲಿ ಬೈನರಿಯನ್ನು ಮತ್ತೆ ಕಟ್ಟಿದರೆ ಚೆಕ್‌ಸಮ್ ಹೊಂದುತ್ತಿಲ್ಲ ಎಂದು ಟೆರಾಫಾರ್ಮ್ ಓಡಲು ನಿರಾಕರಿಸುತ್ತದೆ. ಆ ನಿರಾಕರಣೆ ನಮ್ಮ ರಕ್ಷಣೆಗೇ ಇರುವುದು. ಲಾಕ್ ಕಡತವನ್ನೇ ಅಳಿಸುವ ಅಭ್ಯಾಸ ಮಾಡಿಕೊಳ್ಳುವುದಕ್ಕಿಂತ ಪ್ರತಿ ಬಾರಿ ಆವೃತ್ತಿ ಸಂಖ್ಯೆ ಏರಿಸುವುದು ಒಳ್ಳೆಯದು.

ಪ್ರಕಟಣೆಯಾದ ದಿನ ಆ ಫೋಲ್ಡರ್ ಅನ್ನು ಪೂರ್ತಿ ತೆಗೆದುಹಾಕಬೇಕು. ಪ್ರೊವೈಡರ್ ಅಲ್ಲಿ ಸಿಕ್ಕಿತೆಂದರೆ ಇನಿಟ್ ಅದಕ್ಕಾಗಿ ರಿಜಿಸ್ಟ್ರಿಯತ್ತ ತಿರುಗಿಯೂ ನೋಡುವುದಿಲ್ಲ. ತಂಡದ ಉಳಿದವರೆಲ್ಲ ಹೊಸ ಆವೃತ್ತಿ ಬಳಸುತ್ತಿರುವಾಗ ನಿಮ್ಮ ಯಂತ್ರ ಮಾತ್ರ ಅಂಥ ಆವೃತ್ತಿಯೇ ಇಲ್ಲ ಎಂದು ಹೇಳುತ್ತಿದ್ದರೆ ಮೊದಲು ಆ ಜಾಗ ನೋಡಿ.