ಹಳೇ ಪಿಸ್ತೂಲನ್ನ ಫ್ರೇಮ್ ನೋಡಿ ಗುರುತು ಹಿಡಿಯೋದು ಹೇಗೆ

ಮ್ಯೂಸಿಯಂನಲ್ಲೋ ಫೋಟೋದಲ್ಲೋ ಹಳೇ ಪಿಸ್ತೂಲ್ ಕಂಡ್ರೆ ಎಲ್ಲರ ಕಣ್ಣೂ ಮೊದ್ಲು ಸ್ಲೈಡ್ (ಹಿಂದೆ ಮುಂದೆ ಜಾರೋ ಮೇಲಿನ ಭಾಗ) ಕಡೆಗೇ ಹೋಗತ್ತೆ, ಕಂಪನಿ ಹೆಸರು ಅಲ್ಲಿರತ್ತಲ್ಲ. ಆದ್ರೆ ಡಿಸೈನ್ ಅರ್ಥ ಆಗ್ಬೇಕಂದ್ರೆ ಕೆಳಗಿನ ಫ್ರೇಮ್ ನೋಡಿ, ಅಂದ್ರೆ ಹಿಡಿ, ಟ್ರಿಗರ್ ಗಾರ್ಡ್, ಸ್ಲೈಡ್ ಓಡಾಡೋ ಹಳಿ ಇವೆಲ್ಲ ಇರೋ ಭಾಗ.

ಹಿಡಿಯ ಹಿಂಭಾಗದಿಂದ ಶುರು ಮಾಡಿ. ಕೋಲ್ಟ್ 1911ರಲ್ಲಿ ಮೇಲ್ಗಡೆ ಗ್ರಿಪ್ ಸೇಫ್ಟಿ (ಹಿಡಿಯನ್ನ ಗಟ್ಟಿಯಾಗಿ ಹಿಡಿದ್ರೆ ಮಾತ್ರ ಗುಂಡು ಹಾರೋಕೆ ಬಿಡೋ ಲಿವರ್), ಅದರ ಕೆಳಗೆ ಪಿನ್ ಹಾಕಿ ಕೂರಿಸಿದ ಮೇನ್‌ಸ್ಪ್ರಿಂಗ್ ಹೌಸಿಂಗ್ (ಸುತ್ತಿಗೆಯ ಸ್ಪ್ರಿಂಗ್ ಇರೋ ಗೂಡು), ಎರಡೂ ಬೇರೆ ಬೇರೆ ತುಂಡು ಅಂತ ಗೆರೆ ನೋಡಿದ್ರೇ ಗೊತ್ತಾಗತ್ತೆ. ಬ್ರೌನಿಂಗ್ ಹೈ-ಪವರ್‌ನಲ್ಲಿ ಅವೆರಡೂ ಇಲ್ಲ, ಹಿಂಭಾಗ ಪೂರ್ತಿ ಫ್ರೇಮಿನದೇ ಉಕ್ಕು. ಹಿಡಿಯ ಪಕ್ಕದ ಹೊದಿಕೆ ಕೂರಿಸೋ ಗ್ರಿಪ್ ಸ್ಕ್ರೂನೂ ಎಣಿಸಿ, 1911ಕ್ಕೆ ಒಂದೊಂದು ಬದಿಗೆ ಎರಡೆರಡು, ಹೈ-ಪವರ್‌ಗೆ ಒಂದೊಂದೇ. ಇನ್ನು 1911ರಲ್ಲಿ ಟ್ರಿಗರ್ ಹಿಂದೆ ಫ್ರೇಮನ್ನ ಸ್ವಲ್ಪ ಕೊರೆದು ತಗ್ಗು ಮಾಡಿದ್ರೆ ಅದು 1920ರ ದಶಕದಲ್ಲಿ ತಿದ್ದಿದ 1911ಎ1, ಚಿಕ್ಕ ಕೈಯವರ ಬೆರಳೂ ಟ್ರಿಗರ್‌ಗೆ ಸಲೀಸಾಗಿ ಸಿಗ್ಲಿ ಅಂತ ಮಾಡಿದ್ದು.

ನಂಗೆ ತುಂಬಾ ಇಷ್ಟವಾಗೋದು ಟ್ರಿಗರ್ ವಿಷಯ. 1911ರ ಟ್ರಿಗರ್ ನೇರ ಹಿಂದಕ್ಕೆ ಜಾರತ್ತೆ, ಅದಕ್ಕೆ ಅಂಟಿರೋ ತೆಳು ಪಟ್ಟಿ ಮ್ಯಾಗಜಿನ್‌ನ (ಹಿಡಿಯೊಳಗಿನ ಗುಂಡಿನ ಡಬ್ಬಿ) ಎರಡೂ ಪಕ್ಕದಿಂದ ಬಳಸಿಕೊಂಡು ಹಿಂದೆ ಹೋಗತ್ತೆ, ಫ್ರೇಮ್ ಒಳಗೆ ಅದಕ್ಕೇ ಅಂತ ಸಣ್ಣ ಕಾಲುವೆ ಕೊರೆದಿರ್ತಾರೆ. 7 ಗುಂಡಿನ ಒಂಟಿ ಸಾಲಿನ ಮ್ಯಾಗಜಿನ್ ಆದ್ರಿಂದ ಜಾಗ ಸಾಕಾಯ್ತು. ಹೈ-ಪವರ್‌ದು 13 ಗುಂಡು, ಎರಡು ಸಾಲು, ಅದರ ಅಕ್ಕಪಕ್ಕ ಪಟ್ಟಿನೂ ಓಡಿಸಿದ್ರೆ ಹಿಡಿ ಕೈಗೇ ಸಿಗದಷ್ಟು ದಪ್ಪ ಆಗೋದು. ಹಾಗಾಗಿ ಅಲ್ಲಿ ಟ್ರಿಗರ್ ಪಿನ್ ಮೇಲೆ ತಿರುಗತ್ತೆ, ಒಂದು ಲಿವರನ್ನ ಮೇಲಕ್ಕೆ ತಳ್ಳತ್ತೆ, ಕೆಲಸ ಸ್ಲೈಡ್ ಒಳಗಿರೋ ಇನ್ನೊಂದು ಲಿವರ್ ಮೂಲಕ ಹಿಂದಕ್ಕೆ ಹೋಗತ್ತೆ, ಎಂಥಾ ಉಪಾಯ ನೋಡಿ! 1911ರ ವಿನ್ಯಾಸ ಮಾಡಿ ಹೈ-ಪವರನ್ನೂ ಶುರು ಮಾಡಿದ ಜಾನ್ ಬ್ರೌನಿಂಗ್ 1926ರಲ್ಲಿ ತೀರಿಕೊಂಡ್ರು, ಬೆಲ್ಜಿಯಂನ ಎಫ್‌ಎನ್ ಅನ್ನೋ ಬಂದೂಕು ಕಂಪನಿಯಲ್ಲಿ ಸೈವ್ ಅನ್ನೋ ಎಂಜಿನಿಯರ್ ಹೈ-ಪವರನ್ನ ಪೂರ್ತಿ ಮಾಡಿದ್ರು, 1935ರಲ್ಲಿ ಅದು ಬೆಲ್ಜಿಯಂ ಸೇನೆ ಸೇರ್ತು. ನಮ್ಮ ಇಶಾಪುರ ರೈಫಲ್ ಕಾರ್ಖಾನೆಯ 9 ಎಂಎಂ 1ಎ ಪಿಸ್ತೂಲೂ ಇದೇ ವಂಶದ್ದು.

ಜರ್ಮನಿಯ ವಾಲ್ಥರ್ ಪಿಪಿ ಪಿಸ್ತೂಲ್ ಬೇಗ ಗೊತ್ತಾಗತ್ತೆ, ಬ್ಯಾರಲ್ ಫ್ರೇಮಿಗೇ ಭದ್ರವಾಗಿ ಕೂತಿರತ್ತೆ, ರಿಕಾಯಿಲ್ ಸ್ಪ್ರಿಂಗ್ (ಹಿಂದೆ ಹೋದ ಸ್ಲೈಡನ್ನ ಮುಂದಕ್ಕೆ ತರೋ ಸ್ಪ್ರಿಂಗ್) ಬ್ಯಾರಲ್ ಸುತ್ತಲೇ ಇರತ್ತೆ.

ಕೊನೆಗೆ ಹಳಿ ನೋಡಿ. 1911, ಹೈ-ಪವರ್ ಎರಡರಲ್ಲೂ ಸ್ಲೈಡ್ ಹೊರಗಿಂದ ಫ್ರೇಮನ್ನ ತಬ್ಬಿಕೊಂಡಿರತ್ತೆ. ಸ್ವಿಸ್ ಸಿಗ್ ಪಿ210 ಮತ್ತೆ ಚೆಕ್‌ನ ಸಿಝಡ್ 75ರಲ್ಲಿ ಉಲ್ಟಾ, ಸ್ಲೈಡೇ ಫ್ರೇಮ್ ಒಳಗೆ ಇಳಿದು ಓಡತ್ತೆ. ಹಾಗಾಗಿ ಉದ್ದಕ್ಕೂ ಆಸರೆ ಚೆನ್ನಾಗಿ ಸಿಗತ್ತೆ, ಆದ್ರೆ ಹೊರಗೆ ಕಾಣೋ ಸ್ಲೈಡ್ ಗಿಡ್ಡ, ಎಳೆಯೋಕೆ ಬೆರಳಿಗೆ ಸಿಗೋ ಜಾಗ ಕಮ್ಮಿ.